ಮತ್ತೆ ಕೇಳಿದರೆ ಹೆದರುವ ನನ್ನ ಚಿಗವ್ವ

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಸಾಲುಗಳು ಕೆಳಗೆ ಜಾರುತ್ತವೆ. ಏಳನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು ನಾನು. ಬಿಟ್ಟ ಕಾರಣ ಇಲ್ಲಿ ಬೇಡ. ಒಳ್ಳೆಯ ಮಾತು ಬರಬೇಕಾದ ಕಡೆ ಬರದೆ ಹೋದರೆ ಓದುವವರು ತಿದ್ದಿಕೊಂಡು ಓದಬೇಕು. ನಿಮ್ಮ ಭಾಗದ ಸಾಮಾನ್ಯ ಜನರೊಬ್ಬರ ಬಗ್ಗೆ ಬರೆದು ಕಳಿಸಿ ಎಂದು ನಿಮ್ಮ ಪತ್ರಿಕೆಯಲ್ಲಿ ಕೇಳಿದ್ದಿರಿ. ನನಗೆ ಚೆನ್ನಾಗಿ ಗೊತ್ತಿರುವವಳು ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ದೇವಕಮ್ಮ. ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದೇನೆ. ಬೇಡ ಅಂದ ಮಾತುಗಳನ್ನು ತೆಗೆದಿದ್ದೇನೆ.

ನಾವು ಇರುವುದು ದೇವಾಪುರದ ಆಚೆ, ಕಾಲುವೆಯ ದಂಡೆ ಹಿಡಿದು ನಡೆದರೆ ಸಿಗುವ ಒಂದು ಕ್ಯಾಂಪಿನಲ್ಲಿ. ಕಾಲುವೆ ಅಗೆಯಲು ಬಂದವರು ಹಾಕಿಕೊಂಡ ಗುಡಿಸಲುಗಳು ಇವು. ಅಗೆಯುವ ಕೆಲಸ ಮುಗಿಯಿತು, ನೀರು ಬಂತು, ಗುತ್ತಿಗೆದಾರರು ಡೇರೆ ಕಿತ್ತುಕೊಂಡು ಹೋದರು. ನಮ್ಮವರು ಉಳಿದರು. ಈಗ ಗುಡಿಸಲುಗಳು ತಗಡಿನ ಮನೆಗಳಾಗಿವೆ. ಹೆಂಗಸರು ಭತ್ತದ ನಾಟಿಗೆ, ಹತ್ತಿ ಬಿಡಿಸಲಿಕ್ಕೆ, ಶೇಂಗಾ ಕೀಳಲಿಕ್ಕೆ ಹೋಗುತ್ತಾರೆ.

ಚಿಗವ್ವ ಎತ್ತರದ ಹೆಣ್ಣು. ಭತ್ತದ ಚೀಲವನ್ನು ಒಬ್ಬಳೇ ಬೆನ್ನಿಗೆ ಏರಿಸಿಕೊಳ್ಳುತ್ತಾಳೆ. ಮನೆಗೆ ಬಂದ ಹಾವನ್ನು ಕೋಲಿನಿಂದ ಎತ್ತಿ ಹೊರಗೆ ಬಿಡುತ್ತಾಳೆ. ಒಮ್ಮೆ ಕಾಲುವೆಗೆ ಬಿದ್ದ ಕರುವಿನ ಹಿಂದೆ ಸೀರೆ ಕಚ್ಚೆ ಹಾಕಿ ಹಾರಿದ್ದನ್ನು ನಾನೇ ನೋಡಿದ್ದೇನೆ. ಅಂಥವಳು ಒಂದೇ ಒಂದು ವಿಷಯಕ್ಕೆ ಹೆದರುತ್ತಾಳೆ. ಒಂದು ಮಾತನ್ನು ಯಾರಾದರೂ ಅವಳಿಗೆ ಎರಡನೇ ಸಲ ಕೇಳಬಾರದು. ಕೇಳಿದರೆ ಮುಖ ಸಣ್ಣಗಾಗುತ್ತದೆ, ಮೊದಲು ಹೇಳಿದ ಉತ್ತರವನ್ನು ಬಿಟ್ಟು ಬೇರೆಯದನ್ನು ಹೇಳಿಬಿಡುತ್ತಾಳೆ.

ಒಮ್ಮೆ ನಾವಿಬ್ಬರೂ ಸುರಪುರದ ಸಂತೆ ಮುಗಿಸಿ ಬಸ್ಸು ಹತ್ತಿದೆವು. ಕಂಡಕ್ಟರ್ ಲಾಡ್ಲೇಸಾಬ ಬಂದು, "ಎಲ್ಲಿಗವ್ವಾ?" ಅಂದ.

"ದೇವಾಪುರ" ಅಂದಳು.

ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಿರಲಿಲ್ಲ. "ಆಂ? ಎಲ್ಲಿಗೆ?"

ಚಿಗವ್ವ ನನ್ನ ಕಡೆ ನೋಡಿದಳು. ಆಮೇಲೆ, "ಶಾಪುರ" ಅಂದಳು.

ನನಗೂ ಬಾಯಿ ಬಿಟ್ಟು ಹೇಳುವ ಧೈರ್ಯ ಆಗಲಿಲ್ಲ. ಇಬ್ಬರೂ ಶಹಾಪುರದವರೆಗೆ ಹೋಗಿ, ಅಲ್ಲಿ ಇಳಿದು, ಬೇರೆ ಬಸ್ಸು ಹಿಡಿದು ವಾಪಸು ಬಂದೆವು. ಈ ಸಂಗತಿ ಲಾಡ್ಲೇಸಾಬನಿಗೆ ಹೇಗೋ ಗೊತ್ತಾಯಿತು. ಅಂದಿನಿಂದ ಅವನು ಅವಳನ್ನು ಕೇಳುವುದೇ ಇಲ್ಲ, ತಾನೇ ಟಿಕೆಟು ಹರಿದು ಕೊಡುತ್ತಾನೆ. "ಈಕಿಗೆ ಒಮ್ಮಿ ಅಷ್ಟ ಕೇಳ್ಬೇಕು ನೋಡ್ರಪಾ. ಇನ್ನೊಮ್ಮಿ ಕೇಳಿದ್ರ ಹೈದರಾಬಾದಿಗೆ ಹೊಂಟು ಬಿಡ್ತಾಳ!" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳುತ್ತಾನೆ. ಜನ ನಗುತ್ತಾರೆ. ಚಿಗವ್ವನೂ ನಗುತ್ತಾಳೆ. ನಗುವಾಗ ಅವಳು ಸೀಟಿನ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತಾಳೆ ಎಂಬುದು ಪಕ್ಕದಲ್ಲಿ ಕುಳಿತ ನನಗೆ ಮಾತ್ರ ಕಾಣುತ್ತದೆ.

ಈ ಹೆದರಿಕೆ ಎಲ್ಲಿಂದ ಬಂತು ಎಂದು ನನಗೆ ಹೇಳಿದವಳು ಅವ್ವ.

ಚಿಗವ್ವ ಹತ್ತು ವರ್ಷದವಳಿದ್ದಾಗ ಕಾಲುವೆ ಅಗೆಯುತ್ತಿದ್ದರು. ಒಂದು ಸಂತೆಯ ದಿನ ಗುತ್ತಿಗೆದಾರರ ಡೀಸೆಲ್ ಎಂಜಿನ್ನು ಕಾಣೆಯಾಯಿತು. ಪೊಲೀಸರು ಬಂದರು. ಜಮಾದಾರರು ಡೇರೆಯ ಮುಂದೆ ಕುರ್ಚಿ ಹಾಕಿಕೊಂಡು ಕ್ಯಾಂಪಿನವರನ್ನು ಒಬ್ಬೊಬ್ಬರನ್ನಾಗಿ ಕರೆದರು. ಚಿಗವ್ವನನ್ನೂ ಕರೆದರು.

"ನಿಮ್ಮಣ್ಣ ದ್ಯಾವಪ್ಪ ಸಂತಿ ದಿನ ಎಲ್ಲಿದ್ದ?"

"ಮನ್ಯಾಗ ಮಕ್ಕೊಂಡಿದ್ದನ್ರಿ. ಜ್ವರ ಬಂದಿತ್ತು."

ಅದು ಖರೆಯ ಮಾತು. ಅವ್ವನೇ ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದ್ದಳು. ಜಮಾದಾರರು ಬೈಯಲಿಲ್ಲ, ಹೊಡೆಯಲಿಲ್ಲ. ಮೆಲ್ಲಗೆ ಮುಂದೆ ಬಾಗಿ, "ನೋಡು ಮಗಾ, ಮತ್ತೊಮ್ಮಿ ಕೇಳ್ತೇನಿ. ಎಲ್ಲಿದ್ದ?" ಅಂದರು.

ಚಿಗವ್ವ ಆಗ ಶಾಲೆಗೆ ಹೋಗುತ್ತಿದ್ದಳು. ಶಾಲೆಯಲ್ಲಿ ಉತ್ತರ ಸರಿಯಿದ್ದರೆ ಮಾಸ್ತರರು ಕೂತುಕೋ ಅನ್ನುತ್ತಿದ್ದರು. ತಪ್ಪಿದ್ದರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರು. ಮನೆಯಲ್ಲೂ ಹಾಗೆಯೇ. ಕೈ ತೊಳೆದೆಯಾ ಎಂದು ಹಿರಿಯರು ಒಮ್ಮೆ ಕೇಳಿದರೆ ಹೂಂ ಅನ್ನಬಹುದು. ಮತ್ತೆ ಕೇಳಿದರೆ ಸಿಕ್ಕಿಬಿದ್ದೆವು ಎಂದು ತಿಳಿದು ಇಲ್ಲ ಅನ್ನಬೇಕು. ನಮ್ಮ ಕಡೆಯ ಮಕ್ಕಳೆಲ್ಲ ಹೀಗೆಯೇ ಬೆಳೆದವರು. ತಾನು ಹೇಳಿದ್ದು ತಪ್ಪಾಗಿದೆ ಎಂದು ಅವಳು ತಿಳಿದಳು.

"ಗೊತ್ತಿಲ್ರಿ" ಅಂದಳು.

"ಎಲ್ಲಿದ್ದ?"

"ಕಾಲುವಿ ಕಡಿ ಹೋಗಿದ್ನೇನ್ರಿ."

ಅಷ್ಟೇ. ದ್ಯಾವಪ್ಪ ಮಾವನನ್ನು ಕರೆದುಕೊಂಡು ಹೋದರು. ಎಂಜಿನ್ನು ಇನ್ನೊಂದು ಕ್ಯಾಂಪಿನಲ್ಲಿ ಸಿಕ್ಕಿತು. ಗುತ್ತಿಗೆದಾರರ ಲಾರಿಯವನೇ ಅಲ್ಲಿಗೆ ಒಯ್ದು ಹೇಳುವುದನ್ನು ಮರೆತಿದ್ದನಂತೆ. ಮಾವ ತಿರುಗಿ ಬಂದಾಗ ಅವನ ಬಲಗೈ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಸಲಿಕೆ ಹಿಡಿಯಲಾಗದೆ ಗುರುಮಠಕಲ್ ಕಡೆ ಹೋಗಿ ಒಂದು ಚಹಾದ ಹೋಟೆಲಿನಲ್ಲಿ ನಿಂತ. ಅಲ್ಲಿಯೇ ಮದುವೆಯಾದ, ಅವನ ಮಕ್ಕಳು ತೆಲುಗು ಮಾತಾಡುತ್ತವೆ. ವರ್ಷಕ್ಕೊಮ್ಮೆ ಬರುತ್ತಾನೆ. ಚಿಗವ್ವನಿಗೆ ಒಂದು ದಿನವೂ ಬೈದವನಲ್ಲ. "ನೀ ಸಣ್ಣಾಕಿ ಇದ್ದಿ, ಬಿಡ" ಅನ್ನುತ್ತಾನೆ. ಅವನು ಹಾಗೆ ಅಂದಾಗ ಚಿಗವ್ವ ಎದ್ದು ಒಲೆಯ ಮುಂದೆ ಹೋಗಿ ಕೂಡುತ್ತಾಳೆ. ಒಲೆ ಉರಿಯದಿದ್ದರೂ ಅಲ್ಲಿಯೇ ಕೂಡುತ್ತಾಳೆ.

ತನ್ನ ನಾಲಿಗೆಯೇ ಸರಿಯಿಲ್ಲ, ತಾನು ಹುಟ್ಟಾ ಸುಳ್ಳಿ ಎಂದು ಅವಳ ನಂಬಿಕೆ. ಇದನ್ನು ನನಗೆ ಎಷ್ಟೋ ಸಲ ಹೇಳಿದ್ದಾಳೆ.

ಈಗ ನಾನು ಹೇಳಬೇಕಾದದ್ದು ಈ ವರ್ಷದ ಸಂಗತಿ.

ಐದು ವರ್ಷದ ಹಿಂದೆ ದೂರದ ಊರಿನಿಂದ ಒಬ್ಬ ಪಂಡಿತರು ನಮ್ಮ ಕ್ಯಾಂಪಿಗೆ ಬಂದಿದ್ದರು. ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆ ಎಂದು ನೋಡುವುದು ಅವರ ಓದು. ಅವರು ಆರು ವರ್ಷದ ಸುತ್ತಮುತ್ತಲಿನ ಮಕ್ಕಳನ್ನು ಕೂರಿಸಿ, ಎರಡು ಗಾಜಿನ ಲೋಟದಲ್ಲಿ ಸಮ ನೀರು ಹಾಕಿ, "ಎರಡರಲ್ಲೂ ನೀರು ಸಮ ಇದೆಯೇ?" ಎಂದು ಕೇಳಿದರು. ಮಕ್ಕಳು ಸಮ ಅಂದವು. ಆಮೇಲೆ ಒಂದು ಲೋಟದ ನೀರನ್ನು ಅಗಲ ಬಟ್ಟಲಿಗೆ ಸುರಿದು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಹೆಚ್ಚಿನ ಮಕ್ಕಳು ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಅಂದವು. ಕಾಲುವೆ ಕ್ಯಾಂಪಿನ ಮಕ್ಕಳ ಬುದ್ಧಿ ವಯಸ್ಸಿಗಿಂತ ಎರಡು ವರ್ಷ ಹಿಂದೆ ಇದೆ ಎಂದು ಅವರು ಬರೆದರು. ಅದು ಅಚ್ಚಾಯಿತು.

ನಮ್ಮ ಮಕ್ಕಳು ಹೋಗುವುದು ಒಂದು ಟ್ರಸ್ಟಿನ ಶಾಲೆಗೆ. ಅಲ್ಲಿಯ ಹೆಡ್‌ಮಾಸ್ತರ ಭಗವಂತರಾಯ ಸರ್ ಅದನ್ನು ಓದಿ ಮರುಗಿದರು. ಅವರು ಕೆಟ್ಟವರಲ್ಲ. ಹಿಂದಿರುವ ಮಕ್ಕಳಿಗೆ ಒಂದನೇ ತರಗತಿ ಭಾರವಾಗಬಾರದು ಎಂದು ಶಾಲೆಯ ಹಿಂಬದಿಯಲ್ಲಿ ಒಂದು ಕೋಣೆ ಕಟ್ಟಿಸಿದರು. ಅದಕ್ಕೆ ತಯಾರಿ ಕೋಣೆ ಎಂದು ಹೆಸರು. ಅಂದಿನಿಂದ ನಮ್ಮ ಕ್ಯಾಂಪಿನ ಮಕ್ಕಳು ಮೊದಲು ಎರಡು ವರ್ಷ ಅಲ್ಲಿ ಕೂತು ಬಣ್ಣ ಹಚ್ಚಬೇಕು, ಆಮೇಲೆ ಒಂದನೇ ತರಗತಿ. ಅಷ್ಟರಲ್ಲಿ ಅವು ಉದ್ದ ಬೆಳೆದಿರುತ್ತವೆ, ಸಣ್ಣ ಮಕ್ಕಳ ನಡುವೆ ಕೂರಲು ನಾಚುತ್ತವೆ, ಹೊಲಕ್ಕೆ ಹೋಗಲು ಶುರು ಮಾಡುತ್ತವೆ. ಆ ಕೋಣೆಯಿಂದ ಎರಡನೇ ತರಗತಿ ಮುಟ್ಟಿದ ಮಗು ಇನ್ನೂ ಒಂದೂ ಇಲ್ಲ.

ಚಿಗವ್ವನ ಮಗಳು ಸುಂದ್ರಿ, ಪೂರ್ತಿ ಹೆಸರು ಸುಂದ್ರಮ್ಮ, ಈ ಜೂನಿಗೆ ಶಾಲೆಗೆ ಸೇರಬೇಕು. ಅವಳು ಹುಟ್ಟಿದಾಗಿನಿಂದ ಚಿಗವ್ವನಿಗೆ ಒಂದೇ ಆಸೆ, ಈ ಕೂಸು ಓದಬೇಕು. ಒಂದೇ ಭಯ, ಅದು ಆ ಕೋಣೆಯಲ್ಲಿ ಕೂಡಬೇಕಾಗುತ್ತದೆ ಎಂದು.

ಯುಗಾದಿ ಮುಗಿದ ಮೇಲೆ ಗುಲಬರ್ಗಾದಿಂದ ನಜೀಮಾ ಮೇಡಂ ಬಂದರು. ಅವರೂ ಅದೇ ಓದನ್ನು ಓದುವವರು, ಇನ್ನೂ ಚಿಕ್ಕ ವಯಸ್ಸು. ಬಸ್ಸಿನಿಂದ ಇಳಿದಾಗ ಗಾಜಿನ ಲೋಟಗಳನ್ನು ಟವೆಲಿನಲ್ಲಿ ಸುತ್ತಿ ಕೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದರು. ಬೇವಿನ ಮರದ ಕೆಳಗೆ ಕ್ಯಾಂಪಿನವರು ಕೂಡಿದರು. ಐದು ವರ್ಷದ ಹಿಂದೆ ಮಾಡಿದ್ದನ್ನೇ ತಾನು ಮತ್ತೆ ಮಾಡಲು ಬಂದಿದ್ದೇನೆ ಎಂದು ಅವರು ಹೇಳಿದರು. ಜಮಾದಾರರ ಕುರ್ಚಿಯ ಮುಂದೆ ನಿಂತವರ ಹಾಗೆ ತಾಯಂದಿರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಒಬ್ಬ ಹೆಂಗಸು ಕೇಳಿದಳು, "ಮೊದಲು ನಾವೇನು ಸುಳ್ಳ ಹೇಳಿದ್ವೇನ್ರಿ?"

"ಇಲ್ಲವ್ವ."

"ಹಂಗಾರ ಅವರು ಸುಳ್ಳ ಬರದಾರೇನು?"

"ಹಂಗೂ ಅಲ್ಲ. ಅವರು ಒಂದು ಊರಾಗ ಒಂದ್ ಸಲ ನೋಡ್ಯಾರ. ಅವರು ಮಾಡಿದ ರೀತಿ ಎಲ್ಲಾ ಕಡಿ ನಡೀತದ. ಆದ್ರ ಅವರು ನೋಡಿದ್ದು ಇನ್ನೊಬ್ರಿಗೂ ಹಂಗ ಕಾಣ್ತದೋ ಇಲ್ಲೋ ಅಂತ ಇಲ್ಲೀ ತನಕ ಯಾರೂ ನೋಡಿಲ್ಲ. ನೋಡದ ಅದನ್ನ ಹಿಡಕೊಂಡು ಕೋಣಿ ಕಟ್ಟ್ಯಾರ."

"ಮತ್ತ ಕೇಳೂದಂದ್ರ ನಂಬಿಕಿ ಇಲ್ಲ ಅಂತ ಅಲ್ಲೇನ್ರಿ?"

"ಮಕ್ಕಳ ಮ್ಯಾಲೆ ನಂಬಿಕಿ ಇಲ್ಲಂತಲ್ಲ. ನಮ್ಮ ಮ್ಯಾಲೆ ನಮಗ ಅಷ್ಟು ನಂಬಿಕಿ ಇರಬಾರದು ಅಂತ."

ಕ್ಯಾಂಪಿನ ಹಿರಿಯ ಅಂಬ್ರಪ್ಪ ತಾತ ಬೀಡಿ ಆರಿಸಿ ನಕ್ಕ. "ಮತ್ತ ಕೇಳಿದ್ರ ಖರೆ ಹೊರಗ ಬರ್ತದೇನು ಮೇಡಂ? ನನ್ನ ಹೇಣ್ತಿ ದಿನಾ ಕೇಳ್ತಾಳ, ಎಲ್ಲಿ ಹೋಗಿದ್ದಿ ಅಂತ. ನಾ ದಿನಾ ಅದ ಸುಳ್ಳ ಹೇಳ್ತೀನಿ. ಮೂವತ್ತು ವರ್ಷ ಆತು, ಒಮ್ಮೀನೂ ತಪ್ಪಿಲ್ಲ."

"ನಿನ್ನ ಸುಳ್ಳ ನನಗ ಬಾಯಿಪಾಠ ಆಗೈತಿ, ಬಾ ಮನಿಗೆ!" ಎಂದು ಅವನ ಹೆಂಡತಿ ಹಿಂದಿನಿಂದ ಕೂಗಿದಳು. ಎಲ್ಲರೂ ನಕ್ಕರು.

ನಜೀಮಾ ಮೇಡಂ ಕೂಡ ನಕ್ಕು, "ಅದಕ್ಕ ತಾತಾ, ಕೇಳೋರೂ ಬದಲಾಗಬೇಕು. ನಿಮ್ಮನ್ನ ನಾಳೆ ಅಂಗಡಿಯವನ ಕಡಿಂದ ಕೇಳಸ್ತೀನಿ" ಅಂದರು.

ನಗದವಳು ಚಿಗವ್ವ ಒಬ್ಬಳೇ. ಅವಳು ಸುಂದ್ರಿಯ ಕೈ ಹಿಡಿದುಕೊಂಡು ಎದ್ದು ಹೋದಳು.

ಲೋಟ ತೊಳೆಯಲು, ನೀರು ತಂದು ಕೊಡಲು ಮೇಡಂ ನನ್ನನ್ನು ಇಟ್ಟುಕೊಂಡರು. ಹೆಚ್ಚು ಮಾತಾಡದವಳು ಬೇಕಾಗಿತ್ತಂತೆ. ಅಂಗನವಾಡಿ ಕೋಣೆಯಲ್ಲಿ ಒಂದೊಂದೇ ಮಗು ಬಂದು ಕೂತಿತು. ಪ್ರತಿ ಮಗುವಿಗೂ ಮೊದಲು ಮೇಡಂ ಡಬ್ಬಿಯಿಂದ ಒಂದು ಚೀಟಿ ಎತ್ತಿ ನೋಡುತ್ತಿದ್ದರು. ಕೆಲವು ಮಕ್ಕಳಿಗೆ ನೀರು ಸುರಿಯುವ ಮುಂಚೆ ಒಮ್ಮೆ, ಸುರಿದ ಮೇಲೆ ಒಮ್ಮೆ ಕೇಳಿದರು. ಕೆಲವು ಮಕ್ಕಳಿಗೆ ಮುಂಚೆ ಏನೂ ಕೇಳದೆ, ಸುಮ್ಮನೆ ತೋರಿಸಿ, ಸುರಿದ ಮೇಲೆ ಮಾತ್ರ ಕೇಳಿದರು. ಯಾವ ಮಗು ಏನು ಹೇಳಿದರೂ, "ಛಲೋ ಆತು, ಹೋಗಿ ಆಡು" ಎಂದು ಒಂದೇ ದನಿಯಲ್ಲಿ ಹೇಳಿ ಕಳಿಸಿದರು.

ಯಾಕೆ ಹೀಗೆ ಎಂದು ನಾನು ಮೆಲ್ಲಗೆ ಕೇಳಿದೆ.

"ಮುಗಿದ ಮ್ಯಾಲೆ ಹೇಳ್ತೀನಿ ಮೋನಿ. ಈಗ ಹೇಳಿದ್ರ ನಿನ್ನ ಮುಖದಾಗ ಕಾಣಸ್ತದ, ಮಕ್ಕಳು ಅದನ್ನ ಓದಿಬಿಡ್ತಾವ."

ಅಂದಿನಿಂದ ನಾನು ಲೋಟದ ಕಡೆ ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಸುಂದ್ರಿಯ ಸರದಿ ಬಂದಾಗ ಅವಳು ಇರಲಿಲ್ಲ. ಕರೆದು ತಾ ಎಂದು ನನ್ನನ್ನು ಕಳಿಸಿದರು. ಚಿಗವ್ವ ಅವಳನ್ನು ಶೇಂಗಾದ ಹೊಲಕ್ಕೆ ಕರೆದುಕೊಂಡು ಹೋಗಿದ್ದಳು. ಬಿಸಿಲು ಸುಡುತ್ತಿತ್ತು. ಸುಂದ್ರಿ ಬದುವಿನ ನೆರಳಿನಲ್ಲಿ ಹಸಿ ಶೇಂಗಾ ಸುಲಿದು ತಿನ್ನುತ್ತಿದ್ದಳು.

"ಮೇಡಂ ಕರಿಯಾಕತ್ತಾರ ಚಿಗವ್ವ."

"ಕೂಸಿಗೆ ಹುಷಾರಿಲ್ಲಂತ ಹೇಳು."

"ಶೇಂಗಾ ತಿನ್ನಾಕತ್ತಾಳಲ್ಲ."

"ತಿನ್ನೂದಕ್ಕ ಹುಷಾರಿಲ್ಲ. ಏ ಮೋನಿ, ನೀನೂ ಮತ್ತ ಮತ್ತ ಕೇಳಬ್ಯಾಡ ನನಗ." ಅವಳ ಕೈ ಬಳ್ಳಿಯನ್ನು ಹಿಡಿದಿತ್ತು, ಆದರೆ ಕೀಳಲಿಲ್ಲ. "ನನ್ನ ಹೊಟ್ಯಾಗ ಹುಟ್ಟಿದಾಕಿ ಅಕಿ. ನನ್ನ ನಾಲಿಗಿನ ಬಂದಿರತೈತಿ. ಅವರು ಮತ್ತ ಕೇಳ್ತಾರ, ಇಕಿ ತಿರುವ್ತಾಳ. ಮೊದಲ ಒಮ್ಮಿ ಬರದಾರ ನಮ್ಮ ಮಕ್ಕಳು ದಡ್ಡ ಅಂತ. ಇನ್ನೊಮ್ಮಿ ಅದ ಬರದ್ರ ಕಲ್ಲಾಗ ಕೊರದಂಗ ಆಗತೈತಿ. ಅದನ್ನ ಯಾರ ಅಳಸ್ತಾರ?"

ನನಗೂ ಅದೇ ಭಯ ಇತ್ತು. ಆದರೂ ಹೇಳಿದೆ, "ಹೋಗಲಿಲ್ಲಂದ್ರೂ ಜೂನಿಗೆ ಕೋಣಿ ಕಾದೈತಿ ಚಿಗವ್ವ. ಮೊದಲ ಬರದದ್ದ ಉಳೀತೈತಿ."

ಅವಳು ಬಳ್ಳಿ ಬಿಟ್ಟು ಎದ್ದಳು. ಆಮೇಲೆ ಸೆರಗಿನಿಂದ ಸುಂದ್ರಿಯ ಬಾಯಿ ಒರೆಸಿ ಎತ್ತಿಕೊಂಡಳು. ದಾರಿಯಲ್ಲಿ ಹೇಳಿಕೊಟ್ಟಳು, "ಎರಡೂ ಸಮ ಅನ್ನು ಹಾಂ?" ಸ್ವಲ್ಪ ದೂರ ನಡೆದು, ತಾನೇ ಹೆದರಿ, "ಬ್ಯಾಡ. ನಿನಗ ಹ್ಯಾಂಗ ಕಾಣತೈತೋ ಹಂಗ ಅನ್ನು" ಅಂದಳು. ಹೇಳಿಕೊಡಬಾರದು ಎಂದು ಮೇಡಂ ಹೇಳಿದ್ದು ಅವಳಿಗೆ ಗೊತ್ತಿತ್ತು. ಸುಂದ್ರಿ ಎರಡಕ್ಕೂ ಹೂಂ ಅಂದಳು.

ಅಂಗನವಾಡಿಯ ಬಾಗಿಲ ಬಳಿ ಚಿಗವ್ವ ಕೂತಳು. ಮೇಡಂ ಚೀಟಿ ಎತ್ತಿದರು. ನಾನು ಎರಡು ಲೋಟಕ್ಕೆ ಸಮ ನೀರು ಹಾಕಿಟ್ಟಿದ್ದೆ.

"ಸುಂದ್ರಿ, ಎರಡರಾಗೂ ನೀರು ಸಮ ಅದನ?"

ನಾನು ಲೋಟ ಬಿಟ್ಟು ತಲೆ ಎತ್ತಿದೆ. ಎರಡು ಸಲ ಕೇಳುವ ಚೀಟಿ ಬಂದಿತ್ತು.

ಸುಂದ್ರಿ ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿದಳು. "ಸಮ ಐತ್ರಿ."

ಮೇಡಂ ಒಂದು ಲೋಟವನ್ನು ಎತ್ತಿ ಬಟ್ಟಲಿಗೆ ಸುರಿದರು. ಒಂದು ಹನಿಯೂ ಚೆಲ್ಲಲಿಲ್ಲ. "ಈಗ? ಎರಡರಾಗೂ ನೀರು ಸಮ ಅದನ?"

ಸುಂದ್ರಿ ಬಟ್ಟಲನ್ನು ನೋಡಲಿಲ್ಲ. ಮೇಡಂ ಮುಖ ನೋಡಿದಳು. ಆಮೇಲೆ ತಿರುಗಿ ಬಾಗಿಲ ಬಳಿ ಕೂತ ತನ್ನ ಅವ್ವನ ಮುಖ ನೋಡಿದಳು. ಚಿಗವ್ವ ಕಣ್ಣು ಮುಚ್ಚಿಕೊಂಡಿದ್ದಳು.

"ಇದರಾಗ ಹೆಚ್ಚೈತ್ರಿ" ಎಂದು ಸುಂದ್ರಿ ಲೋಟದ ಕಡೆ ಬೆರಳು ತೋರಿಸಿದಳು.

"ಛಲೋ ಆತು, ಹೋಗಿ ಆಡು" ಅಂದರು ಮೇಡಂ.

ಚಿಗವ್ವ ಮನೆಗೆ ಹೋದವಳು ಒಲೆಯ ಮುಂದೆ ಕೂತಳು. ಅವಳ ಗಂಡ ಮರಿಲಿಂಗಪ್ಪ ಚಿಗಪ್ಪ ಕಾಲುವೆಯ ಕೆಲಸ ಮುಗಿಸಿ ಬಂದು ಏನಾಯಿತು ಎಂದು ಕೇಳಿದ. ಅವಳು ಹೇಳಲಿಲ್ಲ. ಅವನು ಮತ್ತೆ ಕೇಳಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಕಲಿತದ್ದು ಅದು.

ಉಳಿದ ಮಕ್ಕಳದು ಮುಗಿಯುವವರೆಗೆ ಮೇಡಂ ಏನೂ ಹೇಳಲಿಲ್ಲ. ಆ ದಿನಗಳಲ್ಲಿ ಚಿಗವ್ವ ಊಟ ಬಿಟ್ಟಳು. ಅಣ್ಣನ ಕೈಯಂತೆ ಮಗಳ ಓದೂ ತನ್ನಿಂದಲೇ ಮುರಿಯಿತು ಎಂದು ಒಂದೇ ಸಮ ಅನ್ನುತ್ತಿದ್ದಳು. ಕಾಲುವೆಯ ದಂಡೆಗೆ ನೀರಿಗೆ ಹೋದರೆ ಅಲ್ಲೇ ನಿಂತುಬಿಡುತ್ತಿದ್ದಳು. ಅವ್ವ ನನಗೆ ಕಣ್ಸನ್ನೆ ಮಾಡುತ್ತಿದ್ದಳು. ನಾನು ಕೊಡ ಹಿಡಿದುಕೊಂಡು ಅವಳ ಹಿಂದೆಯೇ ಹೋಗುತ್ತಿದ್ದೆ.

ಎಲ್ಲ ಮುಗಿದ ದಿನ ಮೇಡಂ ಭಗವಂತರಾಯ ಸರ್ ಅವರನ್ನು ಅಂಗನವಾಡಿಗೆ ಕರೆಸಿದರು. ತಾಯಂದಿರೂ ಬಂದರು. ಚಿಗವ್ವ ಬರಲಾರೆ ಅಂದಳು, ಅವ್ವ ಎಳೆದುಕೊಂಡು ಬಂದಳು.

ಮೇಡಂ ಸಾವಕಾಶವಾಗಿ ಹೇಳಿದರು. ಎರಡು ಸಲ ಕೇಳಿದ ಮಕ್ಕಳಲ್ಲಿ ಹೆಚ್ಚಿನವು ಎರಡನೇ ಸಲ ಉತ್ತರ ಬದಲಿಸಿದವು. ಆ ಪಂಡಿತರು ಕಂಡದ್ದೂ ಅದೇ, ಅವರು ಬರೆದದ್ದು ಸುಳ್ಳಲ್ಲ. ಆದರೆ ಒಂದೇ ಸಲ ಕೇಳಿದ ಮಕ್ಕಳಲ್ಲಿ ಹೆಚ್ಚಿನವು ನೀರು ಸಮ ಇದೆ ಅಂದವು. ಅದೇ ಕ್ಯಾಂಪು, ಅದೇ ವಯಸ್ಸು, ಅದೇ ಲೋಟ.

ಭಗವಂತರಾಯ ಸರ್ ಕನ್ನಡಕ ತೆಗೆದು ಒರೆಸಿದರು. "ಅಂದ್ರ?"

"ಅಂದ್ರ ಮಕ್ಕಳಿಗೆ ನೀರು ತಿಳೀದ ಹೋಗಿರ್ಲಿಕ್ಕಿಲ್ಲ ಸರ್. ನಾವು ಮತ್ತ ಕೇಳಿದ್ದು ಅವಕ್ಕ ಬ್ಯಾರೆ ತಿಳಿದಿರಬಹುದು. ಬ್ಯಾರೆ ದೇಶದಾಗೂ ಕೆಲವರು ಹಿಂಗ ಕಂಡಾರ." ಅವರು ಹೊರಗೆ ಆಡುತ್ತಿದ್ದ ಸುಂದ್ರಿಯನ್ನು ಕರೆದರು. "ಸುಂದ್ರಿ, ಆ ದಿನ ಮೊದಲ ಸಮ ಅಂದಿ, ಆಮ್ಯಾಲೆ ಹೆಚ್ಚು ಅಂದಿ. ಯಾಕ?"

ಸುಂದ್ರಿ ಲಂಗದ ಅಂಚು ಬಾಯಿಗೆ ಇಟ್ಟುಕೊಂಡು, "ನೀವು ಮತ್ತ ಕೇಳಿದ್ರಲ್ರಿ" ಅಂದಳು.

"ಕೇಳಿದ್ರ?"

"ಮೊದಲಿಂದು ತಪ್ಪಿರತೈತಿ."

"ಮತ್ತ ನೀರು ಹೆಚ್ಚು ಎಲ್ಲಿಂದ ಬಂತವ್ವ?"

"ಎಲ್ಲಿಂದ ಬರತೈತ್ರಿ? ಯಾರೂ ಹಾಕಿಲ್ಲಲ್ಲ." ಇಷ್ಟು ತಿಳಿಯುವುದಿಲ್ಲವೇ ಎಂಬಂತೆ ಅವಳು ಮೇಡಂ ಮುಖ ನೋಡಿ ಓಡಿಹೋದಳು.

ತಾಯಂದಿರು ನಕ್ಕರು. ಚಿಗವ್ವ ಎದ್ದು ನಿಂತಳು. ಹತ್ತು ಜನರ ಮುಂದೆ ಅವಳು ಬಾಯಿ ತೆರೆದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಮೇಡಂ, ಮತ್ತ ಕೇಳಿದ್ರ ಮಾತು ತಿರುವೋರು ಭಾಳ ಮಂದಿ ಇರ್ತಾರೇನ್ರಿ?"

"ಸಣ್ಣ ಮಕ್ಕಳಾಗ ಇಲ್ಲಿ ಭಾಳ ಕಂಡೆ ಅಕ್ಕಾ."

"ಹತ್ತು ವರ್ಷದ ಹುಡುಗಿ? ಪೊಲೀಸರು ಕೇಳಿದ್ರ?"

ಮೇಡಂಗೆ ದ್ಯಾವಪ್ಪ ಮಾವನ ಕಥೆ ಗೊತ್ತಿರಲಿಲ್ಲ. ಆದರೂ ಅವರು ಗಡಿಬಿಡಿ ಮಾಡಲಿಲ್ಲ. ಚಿಗವ್ವನ ಮುಖ ನೋಡಿ ಹೇಳಿದರು, "ತಿರುವಬಹುದು. ಸುಳ್ಳಿ ಅಂತಲ್ಲ, ಹೆದರಿ. ಆದ್ರ ಅದನ್ನ ನಾ ನೋಡಿಲ್ಲ, ಖಾತ್ರಿ ಹೇಳಲಾರೆ."

ಖಾತ್ರಿ ಹೇಳಿದ್ದರೆ ಚಿಗವ್ವ ನಂಬುತ್ತಿರಲಿಲ್ಲವೇನೋ. ಹೇಳಲಾರೆ ಅಂದದ್ದಕ್ಕೆ ಅವಳು ಮೇಡಂ ಕಡೆ ಮೊದಲ ಸಲ ನೆಟ್ಟಗೆ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಅವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಎಲ್ಲ ಸರಿಯಾಯಿತು ಎಂದು ನಾನು ಅಂದುಕೊಂಡೆ. ಸರಿಯಾಗಿರಲಿಲ್ಲ.

ಭಗವಂತರಾಯ ಸರ್ ಹೇಳಿದರು, "ನೀವು ಹೇಳೂದು ತಿಳಿತು. ಆದ್ರ ಅದು ದೊಡ್ಡವರು ಮಾಡಿದ್ದು, ಅಚ್ಚಾಗಿ ಬಂದದ್ದು. ಟ್ರಸ್ಟಿನವರು ಅದನ್ನ ನಂಬ್ಯಾರ. ನಿಮ್ಮದೂ ಒಂದ ಊರು, ಒಂದ ಸಲ. ಇದನ್ನ ನಂಬಿ ಕೋಣಿ ಮುಚ್ಚಿದ್ರ ನಾನು ಮೊದಲ ಮಾಡಿದ್ದ ಮತ್ತ ಮಾಡಿದಂಗ ಆತಲ್ಲ?"

ಅವರ ಮೇಲೆ ನನಗೆ ಸಿಟ್ಟು ಬಂತು. ಮೇಡಂ ಮಾತ್ರ ತಲೆಯಾಡಿಸಿದರು. "ಖರೆ ಸರ್. ನಂದೂ ಸಾಲೂದಿಲ್ಲ. ಮಕ್ಕಳು ಹಿಂಗ ಹೇಳಲಿ ಅಂತ ನನ್ನ ಮನಸಿನಾಗೂ ಇತ್ತು. ನನ್ನ ದನಿಯಾಗ ಅದು ಬಂದಿರಬಹುದು, ನನಗ ಗೊತ್ತಾಗೂದಿಲ್ಲ. ಬ್ಯಾರೆ ಊರಾಗ, ಶಿರವಾಳದಾಗ ಮತ್ತ ಮಾಡ್ತೀವಿ. ಅಲ್ಲಿ ನಾ ಕೇಳೂದಿಲ್ಲ. ನನ್ನ ಜೋಡಿ ಓದೋ ಇನ್ನೊಬ್ಬಾಕಿ ಕೇಳ್ತಾಳ. ಇಲ್ಲಿ ಏನು ಬಂತು ಅಂತ ಆಕಿಗೆ ಹೇಳಿಲ್ಲ."

"ಅಲ್ಲೂ ಹಿಂಗ ಬಂದ್ರ ಟ್ರಸ್ಟಿನವರ ಮುಂದ ನಾನ ನಿಂತು ಹೇಳ್ತೀನಿ. ಜೂನಿಗೆ ಆ ಕೋಣಿ ತೆರಿಯೂದಿಲ್ಲ. ಸುಂದ್ರಮ್ಮ ಸೀದಾ ಒಂದನೇತ್ತಕ್ಕ ಕೂಡ್ತಾಳ" ಅಂದರು ಸರ್.

"ಬ್ಯಾರೆ ಬಂದ್ರ?" ಇದನ್ನು ಕೇಳಿದವಳು ಚಿಗವ್ವ.

ಮೇಡಂ ಲೋಟವನ್ನು ಟವೆಲಿನಲ್ಲಿ ಸುತ್ತುತ್ತಿದ್ದರು. ಕೈ ನಿಲ್ಲಿಸಿದರು. "ಬ್ಯಾರೆ ಬಂದ್ರ ಅದನ್ನ ಬರೀತೀನಿ ಅಕ್ಕಾ. ಬರೀಲೇಬೇಕು."

ಬೇರೆ ಬಂದರೆ ಸುಂದ್ರಿ ಎರಡು ವರ್ಷ ಆ ಹಿಂಬದಿಯ ಕೋಣೆಯಲ್ಲಿ ಕೂಡಬೇಕು, ಆಮೇಲೆ ಹೊಲ.

ಮೇಡಂ ಚಿಗವ್ವನನ್ನು ಮೆಲ್ಲಗೆ ಕೇಳಿದರು, "ಶಿರವಾಳದಾಗ ಮಾಡಸ್ಲಾ ಅಕ್ಕಾ?"

"ಮಾಡಸ್ರಿ" ಅಂದಳು ಚಿಗವ್ವ.

"ಮತ್ತ ಕೇಳಾಕತ್ತೇನಿ, ಮಾಡಸ್ಲಾ?"

ಅವಳು ಹೆದರಿದ್ದು ನನಗೆ ಕಂಡಿತು. ಕೈ ಬಸ್ಸಿನ ಕಂಬಿಯನ್ನು 
ಹುಡುಕುವಂತೆ ಆಡುತ್ತಿತ್ತು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. "ಮಾಡಸ್ರಿ ಅಂದ್ನಲ್ರಿ" ಅಂದಳು. ದನಿ ಒಡೆದಿತ್ತು, ಮಾತು ಮಾತ್ರ ಅದೇ ಇತ್ತು.

ಇದಾಗಿ ನಾಲ್ಕು ದಿನವಾಯಿತು. ಚಿಗವ್ವ ಈಗ ಊಟ ಮಾಡುತ್ತಾಳೆ, ನಿದ್ದೆ ಮಾತ್ರ ಬರುವುದಿಲ್ಲವಂತೆ. ಗುರುಮಠಕಲ್‌ಗೆ ಹೋಗಿ ಅಣ್ಣನನ್ನು ನೋಡಿ ಬರಬೇಕು ಅನ್ನುತ್ತಾಳೆ, ಶಿರವಾಳದ್ದು ಮುಗಿಯುವವರೆಗೆ ಕಾಲು ಏಳುವುದಿಲ್ಲ ಎಂದೂ ಅನ್ನುತ್ತಾಳೆ. ನನಗೂ ಭಯವಿದೆ. ಎರಡನೇ ಊರಿನಲ್ಲಿ ನೀರು ಏನು ಹೇಳುತ್ತದೋ ಯಾರಿಗೂ ಗೊತ್ತಿಲ್ಲ.

ಹೊಸ ಮೇಡಂ ಜೊತೆ ಹೋಗಿ ಲೋಟ ತೊಳೆದು ಸಮ ನೀರು ಹಾಕಿ ಕೊಡುವ ಕೆಲಸವನ್ನು ನಜೀಮಾ ಮೇಡಂ ನನಗೇ ಹೇಳಿದ್ದಾರೆ. ಇಲ್ಲಿ ಬಂದದ್ದನ್ನು ಅವರಿಗೆ ಹೇಳಬಾರದು, ಮಕ್ಕಳ ಮುಖವನ್ನೂ ನೋಡಬಾರದು. ನಾಳೆ ಮುಂಜಾನೆ ಮೊದಲ ಬಸ್ಸಿಗೆ ನಾನು ಶಿರವಾಳಕ್ಕೆ ಹೋಗುತ್ತೇನೆ.